ಹೆಬ್ಬೇವಿನ ತಿರುಳು

"ನಾನು ಅವಳನ್ನ ಕೊಂದಿದೀನಾ ಇಲ್ವಾ, ಅಷ್ಟು ಹೇಳಿ ಸಾಕು ಡಾಕ್ಟ್ರೇ."

ಹೀಗೆಂದ ರಂಜನಿ, ತಂದಿದ್ದ ಗೋಣಿಚೀಲವನ್ನು ಮೇಜಿನ ಮೇಲೆ ಬಿಚ್ಚಿದಳು. ಒಳಗಿದ್ದದ್ದು ಎರಡು ತುಂಡಾದ ಸ್ಕೇಟ್‌ಬೋರ್ಡ್. ಚಕ್ರಗಳು ಇನ್ನೂ ಅದಕ್ಕೇ ಅಂಟಿಕೊಂಡಿದ್ದವು. ಒಂದು ತುಂಡಿನ ಅಂಚಿನಲ್ಲಿ ಒಣಗಿದ ಕಂದು ಕಲೆ ಇತ್ತು. ಅದೇನೆಂದು ನಾನು ಕೇಳಲಿಲ್ಲ.

ಡಾಕ್ಟರ್ ಕರಿಸಿದ್ದಪ್ಪನವರು ತುಮಕೂರಿನಲ್ಲಿ ಬಹಳ ಕಾಲ ಮೂಳೆ ಜೋಡಿಸಿದವರು. ಕೈ ನಡುಗಲು ಶುರುವಾದಾಗ ಯಾರಿಗೂ ಹೇಳದೆ ಆಪರೇಷನ್ ನಿಲ್ಲಿಸಿದರು. ಆದರೆ ಮುರಿದದ್ದನ್ನು ನೋಡಿ ಅದು ಹೇಗೆ ಮುರಿಯಿತೆಂದು ಹೇಳುವ ಕಣ್ಣು ಹಾಗೆಯೇ ಉಳಿಯಿತು. ಆ ಕಣ್ಣನ್ನು ಹುಡುಕಿಕೊಂಡು ವಕೀಲರು ಬರುತ್ತಿದ್ದರು, ಒಮ್ಮೊಮ್ಮೆ ಪೊಲೀಸರೂ ಬರುತ್ತಿದ್ದರು. ನಾನು ಸೋಮಶೇಖರ್. ಮರಳೂರಿನ ಅವರ ಮನೆಯ ಕೆಳಮಹಡಿಯಲ್ಲಿ ನನ್ನ ಎಕ್ಸ್‌ರೇ ಸೆಂಟರ್ ಇದೆ. ಅವರು ಎಲ್ಲಿಗೆ ಹೊರಟರೂ ಕಾರು ಓಡಿಸುವವನು ನಾನೇ.

"ಕೂತ್ಕೋ ತಾಯಿ. ಸತ್ತವರು ಯಾರು?" ಎಂದರು ಡಾಕ್ಟರ್.

"ವಿಭಾ. ನನ್ನ ನಾದಿನಿ. ಪ್ರದ್ಯುಮ್ನನ ತಂಗಿ." ರಂಜನಿ ಕೂರಲಿಲ್ಲ. "ಹೋದ ಭಾನುವಾರ ಕುಣಿಗಲ್ ಹತ್ತಿರ ಒಂದು ಹೊಸ ಲೇಔಟ್‌ನಲ್ಲಿ ಈ ಬೋರ್ಡ್ ಮೇಲೆ ಇಳಿಜಾರು ಇಳೀತಿದ್ಲು. ಮಧ್ಯದಲ್ಲೇ ಬೋರ್ಡ್ ಎರಡಾಯ್ತು. ಹೆಲ್ಮೆಟ್ ಇತ್ತು. ಆದ್ರೂ ಕತ್ತು..."

ಉಳಿದದ್ದನ್ನು ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ರಂಜನಿಯೂ ಅವಳ ಗಂಡ ಪ್ರದ್ಯುಮ್ನನೂ ಎಂಜಿನಿಯರಿಂಗ್‌ನಲ್ಲಿ ಒಂದೇ ಕ್ಲಾಸಿನವರು. ಗುಬ್ಬಿಯಲ್ಲಿ ಒಂದು ಹಳೆಯ ಕೊಬ್ಬರಿ ಗೋಡೌನ್ ಬಾಡಿಗೆಗೆ ಹಿಡಿದು, ಮೋಹನ್‌ಕುಮಾರ್ ಎಂಬ ಗೆಳೆಯನನ್ನು ಪಾಲಿಗೆ ಸೇರಿಸಿಕೊಂಡು ಸ್ಕೇಟ್‌ಬೋರ್ಡ್ ಮಾಡುತ್ತಿದ್ದರು. ಮೇಲೊಂದು, ಕೆಳಗೊಂದು ತೆಳ್ಳಗಿನ ಗಾಜುನಾರಿನ ಪದರ. ನಡುವೆ ಹಗುರವಾದ ಒಂದು ತಿರುಳು. ಮೂರಕ್ಕೂ ರಾಳ ಹಾಕಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಬೋರ್ಡ್ ಆಗುತ್ತದೆ. ತಿರುಳಿಗೆ ಏನು ಹಾಕಬೇಕೆಂಬುದೇ ಜಗಳ.

"ಪ್ರದ್ಯುಗೆ ಫೋಮ್ ಬೇಕು. ಅದು ಎಲ್ಲ ಕಡೆ ಒಂದೇ ಸಮ ಇರುತ್ತೆ, ನೀರು ಕುಡಿಯಲ್ಲ. ಆದ್ರೆ ಬೋಲ್ಟ್ ಬಿಗಿ ಮಾಡಿದ ಜಾಗದಲ್ಲಿ ಅಪ್ಪಚ್ಚಿ ಆಗುತ್ತೆ. ಬಾಲ್ಸಾ ಮರ ತರಿಸಿ ನೋಡಿದ್ವಿ, ಅದು ರಾಳನೆಲ್ಲ ಹೀರ್ಕೊಂಡು ಕೊನೆಗೆ ಭಾರ ಆಯ್ತು. ನಾನು ಹೆಬ್ಬೇವು ಅಂದೆ. ನಮ್ಮ ನಿಟ್ಟೂರಲ್ಲೇ ಬೆಳೆಯುತ್ತೆ. ಚೆನ್ನಾಗಿ ಒಣಗಿಸಿದ್ರೆ ಹಗುರ, ಬೋಲ್ಟನ್ನೂ ಹಿಡಿಯುತ್ತೆ. ಎರಡೂ ತರದ ಬೋರ್ಡ್ ಒತ್ತಿ, ಸೋಮವಾರ ಲೋಡ್ ಟೆಸ್ಟ್ ಮಾಡಿ, ಗೆದ್ದಿದ್ದನ್ನ ಇಟ್ಕೊಳ್ಳೋಣ ಅಂತ ಮಾತಾಗಿತ್ತು. ಅಷ್ಟ್ರಲ್ಲಿ ವಿಭಾ ನಮ್ಮಿಬ್ರಿಗೂ ಹೇಳ್ದೆ ಹೆಬ್ಬೇವಿನ ಬೋರ್ಡ್ ತಗೊಂಡು ಹೋದ್ಲು. ಈಗ ಅತ್ತೆ ನನ್ನ ಮುಖ ನೋಡಿದ್ರೆ 'ನಿನ್ನ ಮರ ನನ್ನ ಮಗಳನ್ನ ತಿಂತು' ಅಂತಾರೆ."

"ಪ್ರದ್ಯುಮ್ನ ಏನಂತಾನೆ?"

"ಏನೂ ಅನ್ನಲ್ಲ. ಮಾತೇ ಬಿಟ್ಟಿದಾನೆ. ಈ ತುಂಡುಗಳನ್ನ ಚಿತೆಗೇ ಹಾಕೋಣ ಅಂದ. ನಾನು ಬಚ್ಚಿಟ್ಟೆ. ಮರದ್ದೇ ತಪ್ಪಾದ್ರೆ ಅದು ನನಗೆ ಗೊತ್ತಾಗ್ಬೇಕಲ್ವಾ?"

ಡಾಕ್ಟರ್ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮುರಿದ ಜಾಗದಲ್ಲಿ ತಿರುಳಿನ ಮೇಲ್ಭಾಗ ಸಿಬಿರು ಸಿಬಿರಾಗಿ ಎದ್ದಿತ್ತು. ಅದರ ಕೆಳಗೆ, ಸುಮಾರು ಮುಕ್ಕಾಲು ದಪ್ಪದಷ್ಟು ಪಟ್ಟಿ ಮಾತ್ರ ನುಣ್ಣಗಿದ್ದು ಗಾಜಿನಂತೆ ಹೊಳೆಯುತ್ತಿತ್ತು. ಒತ್ತುವಾಗ ರಾಳ ಹರಿದಿರಬೇಕು ಎಂದುಕೊಂಡೆ. ಡಾಕ್ಟರ್ ಆ ಹೊಳಪಿನ ಅಂಚಿಗೆ ಉಗುರು ತಾಕಿಸಿದರು. ಈರುಳ್ಳಿ ಸಿಪ್ಪೆಯಂತೆ ಒಂದು ಪೊರೆ ಕಳಚಿ ಬಂತು. ಬೋರ್ಡಿನ ಬೇರೆ ಕಡೆಯ ರಾಳವನ್ನು ಚಾಕುವಿನಿಂದ ಕೆರೆದು ನೋಡಿದರು. ಅದು ಕದಲಲಿಲ್ಲ.

ಅವರು ಆ ಪೊರೆಯನ್ನು ಬಹಳ ಹೊತ್ತು ಬೆರಳಿನ ನಡುವೆ ಉಜ್ಜಿದರು. ಮುಖ ಗಂಭೀರವಾಯಿತು.

"ಸೋಮು, ಎರಡನ್ನೂ ಎಕ್ಸ್‌ರೇ ತೆಗಿ."

ಮರದ ಹಲಗೆಗೆ ಎಕ್ಸ್‌ರೇ ತೆಗೆದದ್ದು ಅದೇ ಮೊದಲು. ಪರದೆಯ ಮೇಲೆ ಹೆಬ್ಬೇವಿನ ಎಳೆಗಳು ಬಾಚಿದ ಕೂದಲಿನಂತೆ ಉದ್ದಕ್ಕೆ ಮಲಗಿದ್ದವು. ಗಂಟಿಲ್ಲ, ಹುಳು ಕೊರೆದ ತೂತಿಲ್ಲ, ಟೊಳ್ಳಿಲ್ಲ. ಮುರಿದ ಅಂಚಿನಲ್ಲಿ ಮಾತ್ರ ಗೆರೆ ಎಳೆದಷ್ಟು ನೇರವಾಗಿ ಒಂದು ಬಿಳಿ ರೇಖೆ. ಅದು ಎರಡೂ ಬದಿಯಲ್ಲಿ ಅಂಚು ಮುಟ್ಟುವ ಮುಂಚೆಯೇ ನಿಂತಿತ್ತು.

"ಈ ಮರಕ್ಕೆ ಕಾಯಿಲೆ ಇರಲಿಲ್ಲಮ್ಮ," ಎಂದರು ಡಾಕ್ಟರ್. "ನಿನಗೆ ಇನ್ನೂ ಪೂರ್ತಿ ಉತ್ತರ ಕೊಡಲ್ಲ. ಎಕ್ಸ್‌ರೇ ವಿಷಯ ಯಾರ ಹತ್ರಾನೂ ಎತ್ತಬೇಡ. ಮನೆಯವರ ಹತ್ರಾನೂ ಸೇರಿ."

ಕೊನೆಯ ಮಾತಿಗೆ ರಂಜನಿ ತಲೆಯೆತ್ತಿ ನೋಡಿದಳು. ಡಾಕ್ಟರ್ ಆಗಲೇ ಚೀಲ ಕಟ್ಟುತ್ತಿದ್ದರು.

ಮರುದಿನ ಬೆಳಿಗ್ಗೆ ಬಟವಾಡಿಯಲ್ಲಿದ್ದ ರಂಜನಿಯ ಮನೆಗೆ ಹೋದೆವು. ಹಿಂದೊಮ್ಮೆ ಪ್ರದ್ಯುಮ್ನನ ತಂದೆ ದಿವಂಗತ ವೆಂಕಟೇಶಯ್ಯನವರ ಸೊಂಟದ ಮೂಳೆಯನ್ನು ಜೋಡಿಸಿದ್ದವರು ನಮ್ಮ ಡಾಕ್ಟರೇ. ಆದ್ದರಿಂದ ದುಃಖ ವಿಚಾರಿಸಲು ಬಂದೆವೆಂದರೆ ಯಾರಿಗೂ ಆಶ್ಚರ್ಯವಾಗಲಿಲ್ಲ. ಮನೆಯ ಬಾಗಿಲು ಕಿಟಕಿಗಳೆಲ್ಲ ಮುಚ್ಚಿದ್ದವು. ವಿಭಾಳ ಫೋಟೊದ ಮುಂದಿನ ದೀಪವೊಂದೇ ಬೆಳಕು. ರಂಜನಿಯ ಅತ್ತೆ ಕೌಸಲ್ಯಮ್ಮ ಅದರ ಪಕ್ಕ ಗೋಡೆಗೊರಗಿ ಕೂತಿದ್ದರು.

"ಅವಳಿಗೆ ಅತ್ತಿಗೆ ಅಂದ್ರೆ ಪ್ರಾಣ," ಎಂದರು. "ಬೆಳಿಗ್ಗೆ ಹೊರಟಾಗ 'ಅಮ್ಮ, ಗೆಲ್ಲೋದು ಅತ್ತಿಗೆ ಬೋರ್ಡೇ. ವಿಡಿಯೋ ಮಾಡ್ಕೊಂಡ್ ಬರ್ತೀನಿ, ನೋಡ್ತಿರು' ಅಂದ್ಲು. ಈ ಸೊಸೆ ಮಾತು ನಂಬಿ ಹೋದ್ಲು, ಬರ್ಲೇ ಇಲ್ಲ."

ಒಳಗೆ ರಂಜನಿ ಪಾತ್ರೆ ತೊಳೆಯುತ್ತಿದ್ದ ಸದ್ದು ಥಟ್ಟನೆ ನಿಂತಿತು.

"ರಂಜನಿ ಆವತ್ತು ಮನೇಲಿ ಇರ್ಲಿಲ್ವಾ?" ಎಂದು ಡಾಕ್ಟರ್ ಕೇಳಿದರು.

"ನಿಟ್ಟೂರಿಗೆ ಹಲಗೆ ಆರಿಸೋಕೆ ಹೋಗಿದ್ಲು. ಮನೇಲಿ ನಾನು, ಪ್ರದ್ಯು ಇಬ್ರೇ. ಅವನಿಗೆ ಊಟಕ್ಕೆ ಬಡಿಸ್ತಾ, 'ವಿಭಾ ಹೊಸ ಬೋರ್ಡ್ ತಗೊಂಡ್ ಕುಣಿಗಲ್ ಲೇಔಟಿಗೆ ಹೋದ್ಲು ಕಣೋ' ಅಂದೆ. ಕಲೆಸಿದ ತುತ್ತು ಕೈಯಲ್ಲೇ ಇತ್ತು ಡಾಕ್ಟ್ರೇ, ಹಂಗೇ ಎದ್ಬಿಟ್ಟ. ಕೈನೂ ತೊಳೀಲಿಲ್ಲ. ಅವಳಿಗೆ ಫೋನ್ ಮಾಡ್ತಾ ಮಾಡ್ತಾ ಕಾರು ಹತ್ತಿ ಹೊರಟೇಬಿಟ್ಟ. ಒಡಹುಟ್ಟಿದ ಕರುಳು ನೋಡಿ. ಕೆಟ್ಟದ್ದು ಮುಂಚೇನೇ ತಿಳಿದುಬಿಡುತ್ತೆ." ಅವರು ಸೆರಗಿನಿಂದ ಕಣ್ಣೊತ್ತಿಕೊಂಡರು. "ಅವನೀಗ ಊಟದ ತಟ್ಟೆ ಮುಂದೆ ಕೂರೋದೇ ಇಲ್ಲ."

ಪ್ರದ್ಯುಮ್ನ ಮಹಡಿಯಿಂದ ಇಳಿದು ಬಂದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ಡಾಕ್ಟರಿಗೆ ನಮಸ್ಕಾರ ಮಾಡಿ, ಒಂದೇ ಒಂದು ಮಾತು ಕೇಳಿದ: "ಬೋರ್ಡ್ ತುಂಡುಗಳು ನಿಮ್ಮ ಹತ್ರ ಇದಾವಂತೆ. ಅದನ್ನಿಟ್ಕೊಂಡು ಏನ್ ಮಾಡ್ತೀರಾ ಸರ್? ನೋಡಿದಷ್ಟೂ ಮನೆಯವರಿಗೆ ಸಂಕಟ."

"ಕೊಡ್ತೀನಪ್ಪ," ಎಂದರು ಡಾಕ್ಟರ್. "ಇನ್ನೊಂದೇ ಒಂದು ದಿನ."

ಕುಣಿಗಲ್ಲಿಗೆ ಹೊರಟೆವು. ಅಪಘಾತವಾದ ಲೇಔಟ್ ಊರಾಚೆ ಗುಡ್ಡದ ಮೇಲಿತ್ತು. ಕಾಂಕ್ರೀಟ್ ರಸ್ತೆ, ಬೀದಿ ದೀಪ, ನಂಬರ್ ಬರೆದ ಕಲ್ಲು ಎಲ್ಲ ಇದ್ದರೂ ಒಂದು ಮನೆಯೂ ಎದ್ದಿರಲಿಲ್ಲ. ಅಷ್ಟೊಂದು ರಸ್ತೆಗಳು ಯಾರಿಗಾಗಿಯೋ ಕಾಯುತ್ತಿರುವಂತಿತ್ತು. ವಿಭಾಳ ಗೆಳತಿ ಪಲ್ಲವಿ ನಮಗಾಗಿ ಬಂದು, ಇಳಿಜಾರಿನ ನಡುವೆ ಸುಣ್ಣದ ಪುಡಿ ಚೆಲ್ಲಿದ್ದ ಜಾಗವನ್ನು ತೋರಿಸಿದಳು. ತಾನು ಹತ್ತಿರ ಬರಲಿಲ್ಲ.

"ಎರಡು ಸಲ ಆರಾಮಾಗಿ ಇಳಿದ್ಲು ಸರ್. ಮೂರನೇ ಸಲ ಜೋರಾಗಿ ಬಂದು ಬಗ್ಗಿ ಕೂತ್ಲು. ಟಪ್ ಅಂತ ಸೌಂಡ್ ಬಂತು, ಅಷ್ಟೇ. ನಾನು ಅವಳ ಫೋನಲ್ಲೇ ಶೂಟ್ ಮಾಡ್ತಿದ್ದೆ. ಕಾಲ್ ಬಂದ್ರೆ ವಿಡಿಯೋ ಕಟ್ ಆಗುತ್ತೆ ಅಂತ ಫೋನನ್ನ ಫ್ಲೈಟ್ ಮೋಡ್‌ಗೆ ಹಾಕಿದ್ಲು."

"ಮನೆಗೆ ವಿಷಯ ಮುಟ್ಟಿಸಿದ್ದು ಯಾರು?"

"ನಾನು ಮೊದ್ಲು ಆಂಬುಲೆನ್ಸ್‌ಗೆ ಮಾಡಿದೆ. ಆಮೇಲೆ ಮನೆಗೆ ಮಾಡೋಣ ಅಂದ್ರೆ ಕೈಯೇ ಆಡ್ತಿರ್ಲಿಲ್ಲ. ಅಷ್ಟ್ರಲ್ಲಿ ಪ್ರದ್ಯುಮ್ನಣ್ಣನೇ ಬಂದ್ರು. ಆಂಬುಲೆನ್ಸ್‌ಗಿಂತ ಮುಂಚೆ." ಪಲ್ಲವಿ ಅಳತೊಡಗಿದಳು. "ಕಾರಿಂದ ಇಳಿದು ಅವಳ ಹತ್ರ ಕೂತ್ರು. 'ಮುಟ್ಬೇಡ ಅಂದಿದ್ನಲ್ಲೇ' ಅಂತ ಅದೊಂದೇ ಮಾತು ಸರ್, ಹೇಳ್ತಾನೇ ಇದ್ರು."

ಡಾಕ್ಟರ್ ಇಳಿಜಾರಿನ ತುದಿಯವರೆಗೆ ಒಬ್ಬರೇ ನಡೆದು ಹೋಗಿ ಬಂದರು. ಕಾರು ಹತ್ತಿದ ಮೇಲೆ, "ಗುಬ್ಬಿಗೆ ನಡಿ ಸೋಮು. ಎಲ್ಲರನ್ನೂ ಅಲ್ಲಿಗೇ ಕರೆಸೋಣ. ಆ ತಾಯಿನೂ ಬರಲಿ," ಎಂದರು. ಅವರ ಧ್ವನಿಯಲ್ಲಿ ಕೇಸು ಬಗೆಹರಿದ ಉತ್ಸಾಹ ಇರಲಿಲ್ಲ.

ಗೋಡೌನಿನಲ್ಲಿ ರಾಳದ ವಾಸನೆ ಮೂಗಿಗೆ ಅಡರುತ್ತಿತ್ತು. ನಡುವೆ ಕಬ್ಬಿಣದ ಪ್ರೆಸ್ ಎರಡು ದವಡೆ ಕಚ್ಚಿಕೊಂಡು ನಿಂತಿತ್ತು. ನಾವು ಹೋದಾಗ ಅಲ್ಲಿದ್ದವರು ರಂಜನಿ, ಪಾಲುದಾರ ಮೋಹನ್‌ಕುಮಾರ್, ಮತ್ತು ಹೆಬ್ಬೇವು ಕೊಯ್ದು ಕೊಟ್ಟ ನಿಟ್ಟೂರಿನ ಸಾಮಿಲ್ ಮಾಲೀಕ ಗೋವಿಂದರಾಜು. ಗೋವಿಂದರಾಜು ಮುಖ ಸಿಂಡರಿಸಿಕೊಂಡು ನಿಂತಿದ್ದ.

"ನನ್ ಮರದ್ ಮ್ಯಾಲೆ ಅಪವಾದ ಹಾಕಕ್ಕೆ ಕರಸಿದ್ರಾ ಹೆಂಗೆ? ಒಣಗಿಸಿ, ಗಂಟಿಲ್ದಂಗೆ ಆರಿಸಿ ಕೊಟ್ಟಿವ್ನಿ. ಬುಡಿ ಸ್ವಾಮಿ, ಮರ ಅಂಗೆಲ್ಲ ಮುರಿಯಾಕಿಲ್ಲ."

ಮೋಹನ್‌ಕುಮಾರ್ ಕೆಮ್ಮಿದ. "ಮರ ಬೇಡ ಅಂತ ನಾನೂ ಹೇಳಿದ್ದೆ. ಹೆಬ್ಬೇವು ಇಟ್ಕೊಂಡ್ರೆ ನಾನು ಪಾಲು ಬಿಡ್ತೀನಿ ಅಂತ ಜಗಳಾನೂ ಆಡಿದ್ದೆ. ಈಗ ಅದೆಲ್ಲ ಯಾಕೆ? ಆ ತುಂಡುಗಳನ್ನ ಬಿಸಾಕಿ, ಎಲ್ಲರೂ ಮರೀಲಿ."

ಅವನೇ ಇರಬೇಕು ಎಂದು ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು.

"ಬೋರ್ಡ್ ಒತ್ತಿದ ದಿನ ನೀವು ಇಲ್ಲೇ ಇದ್ರಾ?" ಎಂದರು ಡಾಕ್ಟರ್.

"ಇಲ್ಲ. ಹಿಂದಿನ ದಿನಾನೇ ಚಕ್ರದ ಲೋಡ್ ಬಿಡಿಸೋಕೆ ಚೆನ್ನೈಗೆ ಹೋದೆ. ವಾಪಸ್ ಬಂದಿದ್ದು ಸಾವಿನ ಸುದ್ದಿ ಕೇಳಿ. ಚೆನ್ನೈಗೆ ಹೋಗೋಕೆ ಮುಂಚೆ ಒಂದು ವಾರ ಆ ತಿರುಳು ಇಲ್ಲೇ ಬಿದ್ದಿತ್ತು, ನಾನೂ ಇಲ್ಲೇ ಇದ್ದೆ. ಅನುಮಾನ ಇದ್ರೆ ನೇರವಾಗಿ ಕೇಳಿ."

ಡಾಕ್ಟರ್ ಮೂಲೆಯಲ್ಲಿದ್ದ ಲೋಡ್ ಟೆಸ್ಟಿನ ಸ್ಟ್ಯಾಂಡ್ ಹತ್ತಿರ ಹೋದರು. ಬೋರ್ಡನ್ನು ಎರಡು ತುದಿಯಲ್ಲಿ ಆನಿಸಿ, ಮೇಲಿಂದ ಜಾಕ್ ಒತ್ತುವ ಸಾಧನ ಅದು. ಜಾಕ್ ಕೂರುವ ಜಾಗಕ್ಕೆ ಎರಡು ಗುರುತುಗಳಿದ್ದವು. ನಟ್ಟನಡುವೆ ಮಾಸಿದ್ದ ಒಂದು, ಅದರಿಂದ ಗೇಣುದ್ದ ಮುಂದೆ ಹೊಸ ಕೆಂಪು ಬಣ್ಣದ ಇನ್ನೊಂದು.

"ಇದು ಯಾವಾಗ ಹಾಕಿದ್ದು?"

"ಒತ್ತಿದ ದಿನ ಬೆಳಿಗ್ಗೆ," ಎಂದಳು ರಂಜನಿ. "ಓಡಿಸೋವಾಗ ಭಾರ ಮುಂದಿನ ಕಾಲಿಗೇ ಜಾಸ್ತಿ ಬೀಳುತ್ತೆ ಅಂತ ಪ್ರದ್ಯು ಬದಲಾಯಿಸಿದ. ನಾನೂ ಒಪ್ಪಿದೆ. ಆವತ್ತು ಇಲ್ಲಿದ್ದದ್ದು ನಾವಿಬ್ರೇ. ಪ್ರೆಸ್ ಬಿಸಿ ಆಗೋಷ್ಟ್ರಲ್ಲಿ ನಾನು ಊಟ ಮಾಡಿ ಬಂದೆ, ಅವನು ಎಲ್ಲಾ ಜೋಡಿಸಿಟ್ಟಿದ್ದ. ಎಷ್ಟೋ ದಿನದ ಮೇಲೆ ಜಗಳ ಇಲ್ದೆ ಕೆಲಸ ಮಾಡಿದ್ವಿ."

ಡಾಕ್ಟರ್ ಎರಡು ತುಂಡುಗಳನ್ನು ಸೇರಿಸಿ ಸ್ಟ್ಯಾಂಡಿನ ಮೇಲಿಟ್ಟರು. ಬೋರ್ಡ್ ಮುರಿದ ಗೆರೆ ಕೆಂಪು ಗುರುತಿನ ಕೆಳಗೆ ಬಂದು ನಿಂತಿತು. ಒಂದು ನೂಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಸಂಜೆಯ ಹೊತ್ತಿಗೆ ಪ್ರದ್ಯುಮ್ನ ತಾಯಿಯನ್ನು ಕರೆದುಕೊಂಡು ಬಂದ. ಪಲ್ಲವಿಯೂ ಬಂದಳು. ಎಲ್ಲರೂ ಕೂರುವಷ್ಟರಲ್ಲಿ ಕರೆಂಟ್ ಹೋಯಿತು. ಬಾಗಿಲಿಂದ ಬರುತ್ತಿದ್ದ ಮಬ್ಬು ಬೆಳಕಿನಲ್ಲೇ ಡಾಕ್ಟರ್ ಮಾತು ಶುರು ಮಾಡಿದರು.

"ನಮ್ಮ ತಲೆಬುರುಡೆಯೂ ಈ ಬೋರ್ಡಿನ ಹಾಗೇ. ಎರಡು ಗಟ್ಟಿ ಪದರ, ನಡುವೆ ಹಗುರವಾದ ತಿರುಳು. ತಿರುಳಿನ ಕೆಲಸ ಎರಡು ಪದರವನ್ನೂ ಒಂದಾಗಿ ಹಿಡಿಯೋದು. ಅದನ್ನ ಕೊಯ್ದರೆ ಹೊರಗಿನ ಪದರ ಎಷ್ಟು ಗಟ್ಟಿ ಇದ್ದರೂ ಉಳಿಯಲ್ಲ. ಮೂಳೆ ತಾನಾಗಿ ಮುರಿದರೆ ಸಿಬಿರೇಳುತ್ತೆ, ಗರಗಸದಲ್ಲಿ ಕೊಯ್ದರೆ ನುಣ್ಣಗಿರುತ್ತೆ. ಈ ತಿರುಳಿನ ಮುಕ್ಕಾಲು ಭಾಗ ನುಣ್ಣಗಿದೆ. ಯಾರೋ ಇದನ್ನ ಕೆಳಗಡೆಯಿಂದ ಕೊಯ್ದಿದಾರೆ. ಪಕ್ಕದಿಂದ ಕಾಣಬಾರದು ಅಂತ ಎರಡೂ ಅಂಚನ್ನ ಹಾಗೇ ಬಿಟ್ಟಿದಾರೆ."

ಕೌಸಲ್ಯಮ್ಮ ಏನೂ ಅರ್ಥವಾಗದವರಂತೆ ಮಗನನ್ನು ನೋಡಿದರು.

"ಕೊಯ್ದ ಜಾಗಕ್ಕೆ ರಾಳ ಹರಿದು ಗಟ್ಟಿಯಾಗಿದೆ. ಅಂದರೆ ಕೊಯ್ದದ್ದು ಒತ್ತೋಕೆ ಮುಂಚೆ. ರಾಳ ಅಂಟಿದ್ದರೆ ಕೊಯ್ದದ್ದೂ ಮತ್ತೆ ಕೂಡಿಕೊಳ್ತಿತ್ತು. ಆದರೆ ಅದು ಉಗುರಿಗೆ ಸಿಪ್ಪೆಯ ಹಾಗೆ ಎದ್ದು ಬಂತು. ಯಾಕೆ? ಒಳಗೆ ಮೇಣ ಸವರಿದ್ದರು. ಬೋರ್ಡ್ ಅಚ್ಚಿಗೆ ಅಂಟದಿರಲಿ ಅಂತ ನೀವು ಸವರ್ತೀರಲ್ಲ, ಅದೇ ಮೇಣ. ರಾಳದ ಗುಣ ಚೆನ್ನಾಗಿ ಬಲ್ಲವರ ಕೆಲಸ ಇದು. ನಿಟ್ಟೂರಿನ ಸಾಮಿಲ್‌ನಲ್ಲಿ ಆದದ್ದಲ್ಲ."

ಗೋವಿಂದರಾಜು ಬಿಗಿಹಿಡಿದಿದ್ದ ಉಸಿರು ಬಿಟ್ಟ. ಮೋಹನ್‌ಕುಮಾರ್ ಎದ್ದು ನಿಂತ. "ಅಂದ್ರೆ ನಾನು ಅಂತಾನಾ?"

"ಕೂತ್ಕೊಳ್ಳಿ. ನೀವು ಕೊಯ್ದಿದ್ದರೆ ನಟ್ಟನಡುವೆ ಕೊಯ್ಯಬೇಕಿತ್ತು. ನಿಮಗೆ ಗೊತ್ತಿದ್ದದ್ದು ಹಳೇ ಗುರುತು ಮಾತ್ರ. ಕೊಯ್ದಿರೋದು ಹೊಸ ಗುರುತಿನ ಕೆಳಗೆ. ಆ ಗುರುತು ಹಾಕಿದಾಗ ನೀವು ಚೆನ್ನೈಲಿದ್ರಿ. ಇನ್ನೊಂದು ಮಾತು. ಸವಾರನನ್ನ ಕೊಲ್ಲಬೇಕು ಅನ್ನೋನು ಜಾಕ್ ಕೂರೋ ಜಾಗ ಅಳೆದು ಕೊಯ್ಯಲ್ಲ. ಇದನ್ನ ಮಾಡಿದವರಿಗೆ ಯಾರನ್ನೂ ಕೊಲ್ಲೋದು ಬೇಕಿರಲಿಲ್ಲ. ಸೋಮವಾರ ಎಲ್ಲರ ಮುಂದೆ ಈ ಸ್ಟ್ಯಾಂಡಿನ ಮೇಲೆ ಹೆಬ್ಬೇವು ಸೋಲಬೇಕಿತ್ತು, ಅಷ್ಟೇ. ಹೊಸ ಗುರುತು ಗೊತ್ತಿದ್ದವರು ಇಬ್ಬರು. ಹೆಬ್ಬೇವು ಗೆಲ್ಲಲಿ ಅಂತ ಇದ್ದವಳು ಒಬ್ಬಳು. ತುಂಡುಗಳನ್ನ ಸುಡದೆ ಉಳಿಸಿ, ನನ್ನ ಮೇಜಿನ ಮೇಲೆ ತಂದಿಟ್ಟವಳೂ ಅವಳೇ."

ರಂಜನಿ ಗಂಡನ ಕಡೆಗೆ ತಿರುಗಲೇ ಇಲ್ಲ. ಅವಳು ಪ್ರೆಸ್ಸನ್ನೇ ನೋಡುತ್ತಿದ್ದಳು.

"ಪ್ರದ್ಯುಮ್ನ ಅಪಘಾತದ ಜಾಗಕ್ಕೆ ಆಂಬುಲೆನ್ಸಿಗಿಂತ ಮುಂಚೆ ಮುಟ್ಟಿದ," ಎಂದರು ಡಾಕ್ಟರ್. "ಬಟವಾಡಿಯಿಂದ ಕುಣಿಗಲ್ ಅಷ್ಟು ಹತ್ತಿರ ಅಲ್ಲ. ಯಾರೂ ಅವನಿಗೆ ಫೋನ್ ಮಾಡಿರಲಿಲ್ಲ. ಬೋರ್ಡ್ ಮುರಿಯೋ ಮುಂಚೇನೇ ಅದು ಮುರಿಯುತ್ತೆ ಅಂತ ಗೊತ್ತಿದ್ದವನು ಮಾತ್ರ..."

"ಸಾಕು." ಹೀಗೆಂದದ್ದು ಪ್ರದ್ಯುಮ್ನನಲ್ಲ, ಕೌಸಲ್ಯಮ್ಮ. ಅವರು ಗೋಡೆ ಹಿಡಿದು ಎದ್ದರು. "ಕಲೆಸಿದ ತುತ್ತು ಬಿಟ್ಟು ಎದ್ದೆಯಲ್ಲೋ. ಕರುಳು ಕಣೋ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ ನಾನು. ಕರುಳಾ ಅದು?"

ಪ್ರದ್ಯುಮ್ನ ನೆಲಕ್ಕೆ ಕುಸಿದ. ಅವನಿಂದ ಬಂದ ಧ್ವನಿ ಅಳುವಿನದೋ ಕೆಮ್ಮಿನದೋ ತಿಳಿಯಲಿಲ್ಲ.

"ಕಾಲೇಜಿಂದಾನೂ ರಂಜನಿನೇ ಫಸ್ಟ್ ಅಮ್ಮ. ಬಾಲ್ಸಾ ಬೇಡ ಅಂದಿದ್ದು ಅವಳು, ಸರಿಯಾಯ್ತು. ಫೋಮ್ ಬೋಲ್ಟ್ ಹತ್ರ ಕುಸಿಯುತ್ತೆ ಅಂದ್ಲು, ಅದೂ ಸರಿಯಾಯ್ತು. ಒಂದ್ಸಲ, ಒಂದೇ ಒಂದ್ಸಲ ನಾನು ಸರಿ ಅನ್ನಿಸ್ಕೋಬೇಕಿತ್ತು. ಟೆಸ್ಟ್‌ಗೆ ಮುಂಚೆ ಯಾರೂ ಮುಟ್ಬೇಡಿ ಅಂತ ಎಲ್ರಿಗೂ ಹೇಳಿದ್ದೆ. ವಿಭಾ ಮುಟ್ತಾಳೆ ಅಂತ ನನಗೇನು ಗೊತ್ತು?"

ಆಗ ರಂಜನಿ ಅವನ ಕಡೆ ತಿರುಗಿದಳು. ಧ್ವನಿ ಏರಲಿಲ್ಲ.

"ಅದು ಗೊತ್ತಿರ್ಲಿಲ್ಲ ಪ್ರದ್ಯು. ಒಪ್ಕೋತೀನಿ. ಆದ್ರೆ ಆಮೇಲೆ? ಅವಳನ್ನ ಸುಟ್ಟು ಬಂದ ದಿನದಿಂದ ಅತ್ತೆ ನನ್ನನ್ನ ಕೊಲೆಗಾತಿ ಅಂತಿದಾರೆ. ನೀನು ಪಕ್ಕದ ರೂಮಲ್ಲೇ ಇದ್ದೆ. ಅದು ನಿನಗೆ ಗೊತ್ತಿತ್ತು."

ಕುಣಿಗಲ್ ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡಿದ್ದರು. ಅವರಿಗೆ ತಾನೇ ಹೋಗಿ ಹೇಳುತ್ತೇನೆಂದು ಪ್ರದ್ಯುಮ್ನ ಒಪ್ಪಿದ. ಎಕ್ಸ್‌ರೇ ಚಿತ್ರಗಳನ್ನು ನಾನು ಒಂದು ಕವರಿನಲ್ಲಿ ಹಾಕಿ ಕೊಟ್ಟೆ. ಪ್ರದ್ಯುಮ್ನನ ಕಾರಿನ ಕೀಲಿಗೆ ಮೋಹನ್‌ಕುಮಾರ್ ಕೈ ಚಾಚಿದ. ರಂಜನಿ ಅವನಿಗಿಂತ ಮೊದಲೇ ಅದನ್ನು ತೆಗೆದುಕೊಂಡಳು. ತಾನೇ ಓಡಿಸುತ್ತೇನೆ ಎಂದಳು.

ಗೋಡೌನಿನ ಮುಂದೆ ಆಗಲೇ ಕತ್ತಲಿಳಿಯುತ್ತಿತ್ತು. ಪ್ರದ್ಯುಮ್ನ ಹಿಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತ. ಕೌಸಲ್ಯಮ್ಮ ಹಿಂದಿನ ಬಾಗಿಲು ತೆಗೆದರು. ಮಗನ ಪಕ್ಕದ ಖಾಲಿ ಜಾಗವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಆಮೇಲೆ ಆ ಬಾಗಿಲನ್ನು ಮುಚ್ಚಿ, ಕಾರನ್ನು ಸುತ್ತಿ ಬಂದು, ಮುಂದೆ ಸೊಸೆಯ ಪಕ್ಕದಲ್ಲಿ ಕುಳಿತರು.